ಸುಲ್ತಾನ ಫಿರೋಜ್ ಷಾ ಬಹಮನಿ: ಖಗೋಳ ವೀಕ್ಷಣಾಲಯ ಕಟ್ಟಿಸಲು ಮುಂದಾದ ಕಲಬುರಗಿಯ ದೊರೆ

ಕಲಬುರಗಿ ನಗರದ ಕೋಟೆಯಿಂದ ಪೂರ್ವಕ್ಕೆ, ಖ್ವಾಜಾ ಬಂದೇ ನವಾಜ್ ದರ್ಗಾಕ್ಕೆ ಸಾಗುವ ದಾರಿಯ ಭಾಗದಲ್ಲಿ, ಹಫ್ತ್ ಗುಂಬಜ್ ಎಂಬ ಗೋರಿಗಳ ಸಮೂಹವಿದೆ. ಹಫ್ತ್ ಗುಂಬಜ್ ಎಂದರೆ ಏಳು ಗುಮ್ಮಟ. ಬಹಮನಿ ರಾಜಮನೆತನದವರ ಸಮಾಧಿಗಳಾದ ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಜೋಡಿ ಗುಮ್ಮಟದ ಕಟ್ಟಡವು ಸುಲ್ತಾನ ತಾಜುದ್ದೀನ್ ಫಿರೋಜ್ ಷಾನದು. ಇವನು 1397ರಿಂದ 1422ರವರೆಗೆ ಕಲಬುರಗಿಯಿಂದ ರಾಜ್ಯವಾಳಿದನು. ಯುದ್ಧಗಳ ಕಾರಣದಿಂದ ಇವನ ಹೆಸರು ಶಾಲಾ ಪಠ್ಯಪುಸ್ತಕಗಳಲ್ಲಿ ಬರುತ್ತದೆ. ಆದರೆ ಗಣಿತ ಮತ್ತು ಖಗೋಳ ಶಾಸ್ತ್ರಗಳಲ್ಲಿ ಇವನಿಗಿದ್ದ ಆಸಕ್ತಿ, ಆ ಆಸಕ್ತಿಯಿಂದ ಆರಂಭವಾಗಿ ಅರ್ಧಕ್ಕೆ ನಿಂತ ಒಂದು ಕಟ್ಟಡ, ಇವನ ಕಾಲದ ಇತರ ಕಟ್ಟಡಗಳ ಇಂದಿನ ಸ್ಥಿತಿ ಇವುಗಳು ಸಾರ್ವಜನಿಕರಿಗೆ ಅಷ್ಟಾಗಿ ಪರಿಚಿತವಲ್ಲ. ಸ್ಮಾರಕಗಳ ಸಮೀಪದಲ್ಲಿ ಮನೆ ಕಟ್ಟಲು ಅಥವಾ ದುರಸ್ತಿ ಮಾಡಲು ಅನುಮತಿ ಕೋರುವ ನಾಗರಿಕರ ಮಾಹಿತಿಗಾಗಿ ಇವನ ಜೀವನ ವೃತ್ತಾಂತವನ್ನು ಇಲ್ಲಿ ನೀಡಲಾಗಿದೆ.

ಬಹಮನಿ ರಾಜ್ಯವು 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾನಿಂದ ದೌಲತಾಬಾದಿನಲ್ಲಿ ಸ್ಥಾಪನೆಗೊಂಡು, ಶೀಘ್ರದಲ್ಲಿಯೇ ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡಿತು. ಫಿರೋಜನು ಈ ಸಂಸ್ಥಾಪಕನ ಮೊಮ್ಮಗ. ಫಿರೋಜ್ ಮತ್ತು ಅವನ ತಮ್ಮ ಅಹಮದ್ ಇಬ್ಬರೂ ಎರಡನೆಯ ಮಹಮ್ಮದ್ ಷಾನ ಆಶ್ರಯದಲ್ಲಿ ಬೆಳೆದರು. ಯುದ್ಧಕ್ಕಿಂತ ವಿದ್ಯೆಯನ್ನು ಹೆಚ್ಚಾಗಿ ಮೆಚ್ಚಿದ ದೊರೆಯೆಂದು ಹೆಸರಾದ ಮಹಮ್ಮದನು ಈ ಇಬ್ಬರು ಬಾಲಕರ ಶಿಕ್ಷಣವನ್ನು ಮೀರ್ ಫಜಲುಲ್ಲಾ ಇಂಜೂ ಎಂಬ ಪಂಡಿತನಿಗೆ ಒಪ್ಪಿಸಿದನು. ಪರ್ಷಿಯಾ ದೇಶದಿಂದ ಬಂದಿದ್ದ ಇಂಜೂ, ತರ್ಕ ಮತ್ತು ಅಲಂಕಾರ ಶಾಸ್ತ್ರಗಳಲ್ಲಿ ಪ್ರಸಿದ್ಧನಾದ ತಫ್ತಾಜಾನಿಯ ಶಿಷ್ಯನು. ಫಿರೋಜನ ಮುಂದಿನ ಬದುಕಿನ ಒಲವುಗಳೆಲ್ಲ ಈ ಗುರುವಿನ ಪಾಠದಿಂದಲೇ ಮೂಡಿದವೆನ್ನಬಹುದು. ತರುವಾಯ ಇದೇ ಗುರುವು ಶಿಷ್ಯನ ರಾಜ್ಯದ ಪ್ರಮುಖ ಅಧಿಕಾರಿಯೂ ಆದನು.

1397ರಲ್ಲಿ ಮಹಮ್ಮದನು ತೀರಿಕೊಂಡ ಮೇಲೆ ಒಂದೇ ವರ್ಷದಲ್ಲಿ ಇಬ್ಬರು ಸುಲ್ತಾನರು ಸಿಂಹಾಸನವೇರಿ ಇಳಿದರು. ತಘಲ್‌ಚಿನ್ ಎಂಬ ತುರುಕ ಅಧಿಕಾರಿಯು ಮಹಮ್ಮದನ ಹಿರಿಯ ಮಗ ಘಿಯಾಸುದ್ದೀನನ ಕಣ್ಣುಗಳನ್ನು ಕೀಳಿಸಿ, ಕಿರಿಯವನಾದ ಶಂಸುದ್ದೀನನನ್ನು ಹೆಸರಿಗೆ ಮಾತ್ರ ಪಟ್ಟಕ್ಕೇರಿಸಿದನು. ಈ ಅರಸುಕುವರರ ಸೋದರಿಯರನ್ನು ವಿವಾಹವಾಗಿದ್ದ ಫಿರೋಜ್ ಮತ್ತು ಅಹಮದ್ ಪ್ರಾಣಭಯದಿಂದ ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರದ ಬಳಿಯಿರುವ ಸಗರಕ್ಕೆ ಓಡಿಹೋದರು. ಅಲ್ಲಿನ ಕೋಟೆಯ ಅಧಿಕಾರಿಯ ನೆರವಿನಿಂದ ಶಕ್ತಿ ಕೂಡಿಸಿಕೊಂಡು ಕಲಬುರಗಿಗೆ ಮರಳಿ, ಅದೇ ವರ್ಷದ ನವೆಂಬರ್ ತಿಂಗಳಿನಲ್ಲಿ ಫಿರೋಜನು ಸಿಂಹಾಸನವನ್ನು ಪಡೆದನು.

ಇವನ ಆಳ್ವಿಕೆಯ ವಿವರಗಳು ಬಹುಮಟ್ಟಿಗೆ ದೊರೆಯುವುದು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಷ್ತಾನ ಗ್ರಂಥದಿಂದ. ಅವನು ಬರೆದದ್ದು 17ನೇ ಶತಮಾನದ ಆರಂಭದಲ್ಲಿ, ಅಂದರೆ ಫಿರೋಜನ ಕಾಲಕ್ಕೆ ಸುಮಾರು 200 ವರ್ಷಗಳ ನಂತರ. ಆದ್ದರಿಂದ ಅವನ ಹೊಗಳಿಕೆಯನ್ನೂ ತೆಗಳಿಕೆಯನ್ನೂ ತೂಗಿ ನೋಡಿ ಸ್ವೀಕರಿಸಬೇಕಾಗುತ್ತದೆ. ಅವನ ಪ್ರಕಾರ ಫಿರೋಜನು ಅನೇಕ ಭಾಷೆಗಳನ್ನು ಬಲ್ಲವನಾಗಿದ್ದನು. ಯಹೂದಿ ಮತ್ತು ಕ್ರೈಸ್ತ ಧರ್ಮಗ್ರಂಥಗಳನ್ನೂ ಓದಿದ್ದನು. ನಾಲ್ಕು ದಿನಗಳಿಗೊಮ್ಮೆ ಕುರಾನಿನ 16 ಪುಟಗಳನ್ನು ಸ್ವಹಸ್ತದಿಂದ ನಕಲು ಮಾಡುವುದು ಅವನ ನಿಯಮವಾಗಿತ್ತು. ಶನಿವಾರ, ಸೋಮವಾರ ಮತ್ತು ಗುರುವಾರಗಳನ್ನು ರೇಖಾಗಣಿತ, ತರ್ಕ ಮೊದಲಾದ ಶಾಸ್ತ್ರಗಳ ಪಾಠಕ್ಕಾಗಿ ಮೀಸಲಿಟ್ಟಿದ್ದನು. ರಾಜ್ಯಕಾರ್ಯದಿಂದ ಹಗಲಿನಲ್ಲಿ ಬಿಡುವು ದೊರೆಯದಿದ್ದರೆ ಆ ಪಾಠವು ರಾತ್ರಿ ನಡೆಯುತ್ತಿತ್ತು. ಮದ್ಯಪಾನ ಮತ್ತು ಸಂಗೀತದ ಮೋಹವನ್ನು ಇವನ ದೋಷಗಳೆಂದು ಅದೇ ಗ್ರಂಥಕಾರನು ಎಣಿಸಿದ್ದಾನೆ. ಇಂದಿನ ಓದುಗರು ಸಂಗೀತವನ್ನು ಆ ಪಟ್ಟಿಯಲ್ಲಿ ಸೇರಿಸಲಾರರು.

ವಿದ್ವಾಂಸರನ್ನು ದೂರದೇಶಗಳಿಂದ ಕರೆತರಲು ಫಿರೋಜನು ಗೋವಾ ಮತ್ತು ಚೌಲ್ ಬಂದರುಗಳಿಂದ ಪ್ರತಿವರ್ಷ ಹಡಗುಗಳನ್ನು ಕಳುಹಿಸುತ್ತಿದ್ದನು. ಕುದುರೆ ಮತ್ತು ರೇಷ್ಮೆಯ ಜೊತೆಗೆ ಪಂಡಿತರೂ ಆ ಹಡಗುಗಳಲ್ಲಿ ಬಂದಿಳಿಯುತ್ತಿದ್ದರು. ಹೀಗೆ ಪಶ್ಚಿಮದಿಂದ ಬಂದವರ ಸಂಖ್ಯೆ ಹೆಚ್ಚಿದಂತೆ ಸ್ಥಳೀಯ ದಖನಿ ಸರದಾರರಲ್ಲಿ ಅಸಮಾಧಾನ ಬೆಳೆಯಿತು. ಮುಂದೆ ಬೀದರಿನ ಕಾಲದಲ್ಲಿ ಬಹಮನಿ ರಾಜ್ಯವನ್ನು ಒಡೆದ ಒಳಜಗಳಕ್ಕೆ ಬೀಜ ಬಿದ್ದದ್ದು ಹೀಗೆ. ಇನ್ನೊಂದೆಡೆ ಕನ್ನಡ, ಮರಾಠಿ ಮತ್ತು ತೆಲುಗು ನಾಡುಗಳ ಹಿಂದೂ ಅಧಿಕಾರಿಗಳಿಗೂ ಇವನ ಆಡಳಿತದಲ್ಲಿ ಸ್ಥಾನ ದೊರೆಯಿತು.

1400ರ ಸುಮಾರಿಗೆ ಫಿರೋಜನು ಕಲಬುರಗಿಯಿಂದ ದಕ್ಷಿಣಕ್ಕೆ ಸುಮಾರು 28 ಕಿಲೋಮೀಟರ್ ದೂರದಲ್ಲಿ, ಭೀಮಾ ನದಿಯ ದಡದ ಮೇಲೆ, ಫಿರೋಜಾಬಾದ್ ಎಂಬ ಹೊಸ ನಗರವನ್ನು ಕಟ್ಟಿಸಿದನು. ಪಶ್ಚಿಮಕ್ಕೆ ನದಿಯೇ ಗಡಿಯಾಗಿದ್ದು, ಉಳಿದ ಮೂರು ದಿಕ್ಕುಗಳಲ್ಲಿ ಕಲ್ಲಿನ ಗೋಡೆ ಎತ್ತಲಾಯಿತು. ಒಳಗೆ ಅರಮನೆಗಳು, ವಿಶಾಲವಾದ ಜಾಮಿ ಮಸೀದಿ, ಬಿಸಿನೀರಿನ ಸ್ನಾನಗೃಹಗಳು ಇದ್ದವು. ಇಂದು ಅಲ್ಲಿ ಹೊಲಗಳ ನಡುವೆ ಗೋಡೆ, ಕಮಾನು ಮತ್ತು ಗುಮ್ಮಟಗಳ ಅವಶೇಷಗಳು ಉಳಿದಿವೆ. ಹೊಗೆ ಮತ್ತು ಬಿಸಿಗಾಳಿ ಸಾಗುವ ದಾರಿ, ನೀರು ಹರಿಯುವ ಇಳಿಜಾರು, ಬೆಳಕಿಗಾಗಿ ಗುಮ್ಮಟದಲ್ಲಿ ಬಿಟ್ಟ ರಂಧ್ರ ಇವೆಲ್ಲವೂ ಲೆಕ್ಕಾಚಾರದಿಂದ ಆಗಬೇಕಾದ ಕೆಲಸಗಳಾದುದರಿಂದ, ಸ್ನಾನಗೃಹವೊಂದನ್ನು ಆ ಕಾಲದ ತಾಂತ್ರಿಕ ಜ್ಞಾನದ ದಾಖಲೆಯೆಂದು ಪರಿಗಣಿಸಬಹುದು. ರಾಜಮನೆತನದ ಭವನವೆಂದು ಅರಮನೆಯನ್ನು ನೋಡುವ ಕಣ್ಣುಗಳು ಸ್ನಾನಗೃಹವನ್ನು ಪಾಳುಗೋಡೆಯೆಂದು ದಾಟಿಹೋಗುವುದೇ ಹೆಚ್ಚು.

ಫಿರೋಜನ ವಿದ್ಯಾಸಕ್ತಿಯ ಅತಿ ದೊಡ್ಡ ಯೋಜನೆಯು 1407ರದು. ದೌಲತಾಬಾದ್ ಪ್ರಾಂತ್ಯದ ಬಾಲಾಘಾಟ್ ಪ್ರದೇಶದಲ್ಲಿ, ಅಂದರೆ ಘಟ್ಟದ ಮೇಲಣ ಎತ್ತರದ ನೆಲದಲ್ಲಿ, ಒಂದು ಖಗೋಳ ವೀಕ್ಷಣಾಲಯವನ್ನು ನಿರ್ಮಿಸಲು ಅವನು ಆಜ್ಞೆ ಮಾಡಿದನು. ಕಾರ್ಯದ ಹೊಣೆಯನ್ನು ಹಕೀಂ ಹಸನ್ ಗೀಲಾನಿ ಮತ್ತು ಸೈಯದ್ ಮಹಮ್ಮದ್ ಕಾಜರೂನಿ ಎಂಬ ವಿದ್ವಾಂಸರಿಗೆ ವಹಿಸಲಾಯಿತು. ಕೆಲಸ ಆರಂಭವಾಯಿತು. ಆದರೆ ಹಕೀಂ ಹಸನನು ನಡುವೆಯೇ ಮರಣ ಹೊಂದಿದ ಕಾರಣ ಕಟ್ಟಡವು ಪೂರ್ಣವಾಗಲಿಲ್ಲ. ಮುಂದೆ ಯಾರೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಈ ಯೋಜನೆಯ ಮಹತ್ವವನ್ನು ಅರಿಯಲು ಆ ಕಾಲದ ಜಗತ್ತಿನತ್ತ ನೋಡಬೇಕು. ಪರ್ಷಿಯಾದ ಮರಾಘಾ ನಗರದಲ್ಲಿ 1259ರಲ್ಲಿ ನಸೀರುದ್ದೀನ್ ತೂಸಿಯ ನೇತೃತ್ವದಲ್ಲಿ ಪ್ರಸಿದ್ಧ ವೀಕ್ಷಣಾಲಯವು ಆರಂಭವಾಗಿತ್ತು. ಯೂಕ್ಲಿಡನ ರೇಖಾಗಣಿತವನ್ನು ಅರಬ್ಬಿಯಲ್ಲಿ ಪರಿಷ್ಕರಿಸಿದವನೂ ಇದೇ ತೂಸಿ. ಮಧ್ಯ ಏಷ್ಯಾದ ಸಮರಕಂದದಲ್ಲಿ ಉಲೂಗ್ ಬೇಗನು ತನ್ನ ವೀಕ್ಷಣಾಲಯವನ್ನು ಕಟ್ಟಿಸಿದ್ದು 1420ರ ದಶಕದಲ್ಲಿ. ದೆಹಲಿಯಲ್ಲಿ ಸವಾಯಿ ಜಯಸಿಂಹನ ಜಂತರ್ ಮಂತರ್ ಎದ್ದದ್ದು 18ನೇ ಶತಮಾನದಲ್ಲಿ. ಅಂದರೆ ಕಲಬುರಗಿಯ ದೊರೆಯೊಬ್ಬನು ಸಮರಕಂದಕ್ಕಿಂತ ಹತ್ತು ವರ್ಷಗಳಿಗೂ ಮೊದಲು, ಜಯಸಿಂಹನಿಗಿಂತ 300 ವರ್ಷಗಳಷ್ಟು ಮೊದಲು, ಇಂತಹ ಕಾರ್ಯಕ್ಕೆ ಕೈಹಾಕಿದ್ದನು.

ದೂರದರ್ಶಕ ಇನ್ನೂ ಬಾರದ ಆ ಕಾಲದಲ್ಲಿ ಆಕಾಶದ ಕೋನಗಳನ್ನು ಬರಿಗಣ್ಣಿನಿಂದಲೇ ಅಳೆಯಬೇಕಾಗಿತ್ತು. ಅಳತೆಯು ಸೂಕ್ಷ್ಮವಾಗಬೇಕಾದರೆ ಉಪಕರಣವು ದೊಡ್ಡದಾಗಬೇಕು. ಒಂದು ಮೀಟರ್ ತ್ರಿಜ್ಯದ ವೃತ್ತಖಂಡದ ಮೇಲೆ ಒಂದು ಡಿಗ್ರಿಗೆ ದೊರೆಯುವ ಜಾಗವು ಎರಡು ಸೆಂಟಿಮೀಟರಿಗೂ ಕಡಿಮೆ. ತ್ರಿಜ್ಯವು 40 ಮೀಟರ್ ಆದರೆ ಅದೇ ಡಿಗ್ರಿಗೆ ಸುಮಾರು 70 ಸೆಂಟಿಮೀಟರ್ ದೊರೆಯುತ್ತದೆ, ಅದನ್ನು ಇನ್ನೂ ಸಣ್ಣ ಭಾಗಗಳಾಗಿ ಗುರುತಿಸಬಹುದು. ಸಮರಕಂದದ ಕಮಾನಿನ ತ್ರಿಜ್ಯವು ಹೆಚ್ಚುಕಡಿಮೆ ಇಷ್ಟೇ ಇತ್ತು. ಹೀಗಾಗಿ ಇಲ್ಲಿ ಕಲ್ಲು, ಇಟ್ಟಿಗೆ ಮತ್ತು ಗಾರೆಯ ಕಟ್ಟಡವೇ ಉಪಕರಣವಾಗಿರುತ್ತದೆ. ದೇವಾಲಯದ ಕಂಬಗಳನ್ನು ಗುರುತುಹಾಕಿ ಬಿಚ್ಚಿ ಬೇರೆಡೆ ಜೋಡಿಸಿದ ಉದಾಹರಣೆಗಳಿವೆ. ವೀಕ್ಷಣಾಲಯವನ್ನು ಹಾಗೆ ಸ್ಥಳಾಂತರಿಸಿದರೆ ಅದರ ಅಕ್ಷಾಂಶ ಮತ್ತು ದಿಕ್ಕುಗಳೇ ತಪ್ಪಿಹೋಗಿ ಅದು ಬರಿಯ ಗೋಡೆಯಾಗುತ್ತದೆ. ಕಟ್ಟಡದಷ್ಟೇ ಮುಖ್ಯವಾದುದು ಕಾಲ. ಶನಿಗ್ರಹವು ಸೂರ್ಯನನ್ನು ಒಂದು ಸುತ್ತು ಬರಲು 29 ವರ್ಷಗಳಿಗೂ ಹೆಚ್ಚು ಸಮಯ ತೆಗೆದುಕೊಳ್ಳುವುದರಿಂದ, ಗ್ರಹಗಳ ಸಂಪೂರ್ಣ ಕೋಷ್ಟಕ ಸಿದ್ಧವಾಗಲು ಒಂದು ತಲೆಮಾರಿನ ಶ್ರಮ ಬೇಕು. ಲೆಕ್ಕ ಬಲ್ಲ ಒಬ್ಬ ಪಂಡಿತನ ಸಾವಿನಿಂದ ರಾಜ್ಯವೊಂದರ ಯೋಜನೆಯೇ ನಿಂತುಹೋದದ್ದು ಈ ಹಿನ್ನೆಲೆಯಲ್ಲಿ ಆಶ್ಚರ್ಯಕರವಲ್ಲ.

ಸಮರಕಂದದ ಕಟ್ಟಡವು ಉಲೂಗ್ ಬೇಗನ ಹತ್ಯೆಯ ನಂತರ ನಾಶವಾಗಿ ಮಣ್ಣಿನಡಿ ಸೇರಿತ್ತು. 1908ರಲ್ಲಿ ನಡೆದ ಉತ್ಖನನದಲ್ಲಿ ನೆಲದೊಳಗಿನ ಕಮಾನಿನ ಭಾಗ ದೊರೆತು, ಅದರಿಂದ ಇಡೀ ಉಪಕರಣದ ಗಾತ್ರವನ್ನು ಲೆಕ್ಕಹಾಕಲು ಸಾಧ್ಯವಾಯಿತು. ಫಿರೋಜನ ವೀಕ್ಷಣಾಲಯಕ್ಕೆ ಅಂತಹ ಭಾಗ್ಯ ಒದಗಿಲ್ಲ. ಕೆಲವು ಸಾಲುಗಳ ಬರಹವಲ್ಲದೆ ಕಣ್ಣಿಗೆ ಕಾಣುವ ಕಟ್ಟಡವಾಗಿ ಅದು ಉಳಿದಿಲ್ಲ.

ರಾಜಕೀಯ ಜೀವನದಲ್ಲಿ ಫಿರೋಜನು ವಿಜಯನಗರದೊಡನೆ ಹಲವು ಬಾರಿ ಹೋರಾಡಿದನು. 1406ರ ಯುದ್ಧದಲ್ಲಿ ಒಂದನೆಯ ದೇವರಾಯನು ಸಂಧಿ ಮಾಡಿಕೊಂಡು ಬಂಕಾಪುರವನ್ನು ಬಿಟ್ಟುಕೊಟ್ಟನೆಂದೂ, ಎರಡೂ ಮನೆತನಗಳ ನಡುವೆ ವಿವಾಹ ಸಂಬಂಧ ಏರ್ಪಟ್ಟಿತೆಂದೂ ಫಿರಿಷ್ತಾ ತಿಳಿಸುತ್ತಾನೆ. ವೀಕ್ಷಣಾಲಯದ ಆಜ್ಞೆ ಹೊರಟದ್ದು ಈ ಗೆಲುವಿನ ಮರುವರ್ಷ. 1417ರ ನಂತರ ಪಾನಗಲ್ಲಿನ ಕೋಟೆಗೆ ಹಾಕಿದ ಮುತ್ತಿಗೆಯು ಎರಡು ವರ್ಷ ಎಳೆದು, ಸೈನ್ಯದಲ್ಲಿ ರೋಗ ಹರಡಿ, ಕೊನೆಗೆ ಘೋರ ಸೋಲಿನಲ್ಲಿ ಮುಗಿಯಿತು. ಈ ಸೋಲಿನಿಂದ ಸುಲ್ತಾನನ ದೇಹವೂ ಮನಸ್ಸೂ ಕುಗ್ಗಿದವು. ಆಡಳಿತವು ಅವನ ಇಬ್ಬರು ನೆಚ್ಚಿನ ಗುಲಾಮ ಅಧಿಕಾರಿಗಳ ಕೈಗೆ ಜಾರಿತು.

ಸೂಫಿ ಸಂತ ಖ್ವಾಜಾ ಬಂದೇ ನವಾಜರು ದೆಹಲಿಯಿಂದ ಕಲಬುರಗಿಗೆ ಬಂದದ್ದು ಫಿರೋಜನ ಆಳ್ವಿಕೆಯಲ್ಲಿಯೇ. ಆರಂಭದಲ್ಲಿ ಅವರನ್ನು ಗೌರವದಿಂದ ಬರಮಾಡಿಕೊಂಡ ಸುಲ್ತಾನನಿಗೂ ಸಂತರಿಗೂ ಕ್ರಮೇಣ ಮನಸ್ತಾಪ ಬೆಳೆಯಿತು. ತನ್ನ ನಂತರ ಮಗ ಹಸನನೇ ಪಟ್ಟಕ್ಕೆ ಬರಬೇಕೆಂಬುದು ಫಿರೋಜನ ಇಚ್ಛೆಯಾಗಿತ್ತು. ಸಂತರ ಒಲವು ತಮ್ಮನಾದ ಅಹಮದನ ಕಡೆಗಿತ್ತು. 1422ರಲ್ಲಿ ಅಣ್ಣತಮ್ಮಂದಿರ ಕಲಹವು ಬಹಿರಂಗವಾಗಿ, ಕಲಬುರಗಿಯಿಂದ ತಪ್ಪಿಸಿಕೊಂಡ ಅಹಮದನು ಸೈನ್ಯದೊಡನೆ ಮರಳಿ ಬಂದನು. ರೋಗಿಯಾಗಿದ್ದ ಫಿರೋಜನು ರಕ್ತಪಾತ ಮುಂದುವರಿಯದಂತೆ ಕೋಟೆಯ ಬಾಗಿಲು ತೆರೆಸಿ, ರಾಜ್ಯವನ್ನು ತಮ್ಮನಿಗೆ ಒಪ್ಪಿಸಿದನು. ಇದಾದ ಕೆಲವೇ ದಿನಗಳಲ್ಲಿ ಅವನು ತೀರಿಕೊಂಡನು. ಅದೇ ವರ್ಷ ಬಂದೇ ನವಾಜರೂ ನಿಧನರಾದರು.

ಅಹಮದ್ ಷಾ ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಸ್ಥಳಾಂತರಿಸಿದನು. ರಾಜಧಾನಿಯು ಕಲಬುರಗಿಯಲ್ಲಿಯೇ ಉಳಿದಿದ್ದರೆ ಮುಂದಿನ ಸುಲ್ತಾನರು ಹಳೆಯ ಕಟ್ಟಡಗಳನ್ನು ಕೆಡವಿ ಹೊಸದನ್ನು ಎಬ್ಬಿಸುತ್ತಿದ್ದರೇನೋ. ಅರಸರು ಬಿಟ್ಟುಹೋದ ಊರಾದ್ದರಿಂದಲೇ 1367ರ ಜಾಮಿ ಮಸೀದಿ, ಕೋಟೆಯ ಗೋಡೆಗಳು, ಹಫ್ತ್ ಗುಂಬಜ್ ಮತ್ತು ಫಿರೋಜಾಬಾದಿನ ಅವಶೇಷಗಳು ಬಹುಮಟ್ಟಿಗೆ ಮೂಲರೂಪದಲ್ಲಿ ಉಳಿದುಬಂದವು. ಅವುಗಳ ಮೇಲೆ ನಿಜವಾದ ಒತ್ತಡ ಬಿದ್ದದ್ದು ನಗರವು ಬೆಳೆದ ಈಚಿನ ದಶಕಗಳಲ್ಲಿ.

ಫಿರೋಜನ ಗೋರಿಯು ಅವನ ರೇಖಾಗಣಿತದ ಅಭಿರುಚಿಗೆ ಉಳಿದಿರುವ ಸಾಕ್ಷ್ಯವಾಗಿದೆ. ಎರಡು ಚೌಕಾಕಾರದ ಕೋಣೆಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿ, ಪ್ರತಿಯೊಂದರ ಮೇಲೂ ಗುಮ್ಮಟವನ್ನು ಕೂರಿಸಲಾಗಿದೆ. ಹೊರಗೋಡೆಗಳಲ್ಲಿ ಎರಡು ಅಂತಸ್ತುಗಳಲ್ಲಿ ಕಮಾನುಗೂಡುಗಳ ಸಾಲುಗಳಿವೆ. ಒಳಗೆ ಗಾರೆಯಲ್ಲಿ ಬಿಡಿಸಿದ ರೇಖಾವಿನ್ಯಾಸ ಮತ್ತು ಬಳ್ಳಿಗಳ ಅಲಂಕಾರವಿದೆ. ಕಲ್ಲಿನ ಕೆಲಸದಲ್ಲಿ ಈ ಭಾಗದ ದೇವಾಲಯ ಶಿಲ್ಪಿಗಳ ಕೈ ಕಾಣುತ್ತದೆ. ಚೌಕದ ಗೋಡೆಗಳ ಮೇಲೆ ವೃತ್ತಾಕಾರದ ಗುಮ್ಮಟವನ್ನು ನಿಲ್ಲಿಸಲು ಮೂಲೆಗಳಲ್ಲಿ ಕಮಾನುಗಳನ್ನು ಕಟ್ಟಿ ಚೌಕವನ್ನು ಮೊದಲು ಎಂಟು ಮೂಲೆಗಳದ್ದಾಗಿ, ಅನಂತರ ದುಂಡಾಗಿ ತಿರುಗಿಸುತ್ತಾರೆ. ಭಾರವೆಲ್ಲ ಈ ಮೂಲೆಗಳ ಮೂಲಕ ಪಾಯಕ್ಕೆ ಇಳಿಯುತ್ತದೆ. ಪಾಯದ ಸಮೀಪದಲ್ಲಿ ಆಳವಾದ ನೆಲಮಾಳಿಗೆ ತೋಡಿದರೆ, ಚರಂಡಿಯ ನೀರು ನಿಂತರೆ, ಅಥವಾ ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿದು ಗೋಡೆಯೊಳಗಿನ ತೇವ ಹೊರಹೋಗದಂತೆ ಮಾಡಿದರೆ, ಬಿರುಕು ಮೊದಲು ಕಾಣಿಸಿಕೊಳ್ಳುವುದು ಈ ಮೂಲೆಗಳಲ್ಲಿಯೇ. ಸ್ಮಾರಕದಿಂದ ದೂರದಲ್ಲಿರುವ ನಿವೇಶನದ ಬಗ್ಗೆಯೂ ವಿವರ ಕೇಳುವುದೇಕೆ ಎಂದು ಅರ್ಜಿದಾರರಿಗೆ ಅನಿಸುವುದು ಸಹಜ. ಕಾರಣ ಮುಖ್ಯವಾಗಿ ಇದು.

ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ವ ಸ್ಥಳಗಳು ಮತ್ತು ಅವಶೇಷಗಳ ಅಧಿನಿಯಮ, 1958ಕ್ಕೆ 2010ರಲ್ಲಿ ಮಾಡಲಾದ ತಿದ್ದುಪಡಿಯ ಪ್ರಕಾರ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶವಾಗಿದ್ದು, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ. ಈ ಅಂತರವನ್ನು ಗುಮ್ಮಟದಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ ಅಳೆಯಲಾಗುತ್ತದೆ. ಅರ್ಜಿದಾರರು ಸಲ್ಲಿಸುವ ನಕಾಶೆಗಳಲ್ಲಿ ಈ ಅಂಶವನ್ನು ಗಮನಿಸತಕ್ಕದ್ದು. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿ ಅಥವಾ ನವೀಕರಣಕ್ಕಾಗಿ ಅದರ ಮಾಲೀಕರು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ನಿಯಂತ್ರಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೂ ಪೂರ್ವಾನುಮತಿ ಪಡೆದು ಮುಂದುವರಿಯಬಹುದು. ಅನುಮತಿಯಿಲ್ಲದ ನಿರ್ಮಾಣಕ್ಕೆ ಎರಡು ವರ್ಷಗಳವರೆಗಿನ ಕಾರಾಗೃಹ ವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ರಾಜ್ಯದ ಸಂರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1961ರ ಕರ್ನಾಟಕ ಅಧಿನಿಯಮವು ಅನ್ವಯವಾಗುತ್ತದೆ.

ಈ ನಿಯಮಗಳಿಂದ ಬಡ ಕುಟುಂಬಗಳಿಗೆ ತೊಂದರೆಯಾಗುವುದನ್ನು ಅಲ್ಲಗಳೆಯಲಾಗದು. ಕಲಬುರಗಿ ಕೋಟೆಯೊಳಗೆ ತಲೆಮಾರುಗಳಿಂದ ನೆಲೆಸಿರುವ ಕುಟುಂಬಗಳ ತೆರವಿನ ಪ್ರಶ್ನೆಯು ನ್ಯಾಯಾಲಯದ ಮೆಟ್ಟಿಲೇರಿತು. ಪುನರ್ವಸತಿಯ ಮಾತಿಲ್ಲದೆ ಸಂರಕ್ಷಣೆಯ ಮಾತು ಪೂರ್ಣವಾಗುವುದಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಗಿದೆ. ಹಳೆಯ ಕಟ್ಟಡವನ್ನು ಉಪಯೋಗದಲ್ಲಿಟ್ಟುಕೊಂಡೇ ಕಾಪಾಡಿದ ಉದಾಹರಣೆಯೂ ಇದೇ ನಗರದಲ್ಲಿದೆ. ಸರ್ಕಾರಿ ವಸ್ತುಸಂಗ್ರಹಾಲಯವನ್ನು ಬಹಮನಿ ಕಾಲದ ಗುಮ್ಮಟ ಕಟ್ಟಡಗಳಲ್ಲಿಯೇ ಸ್ಥಾಪಿಸಲಾಯಿತು. 2014ರಲ್ಲಿ ಕಲಬುರಗಿ, ಬೀದರ್, ವಿಜಯಪುರ ಮತ್ತು ಹೈದರಾಬಾದಿನ ಸುಲ್ತಾನರ ಕಾಲದ ಸ್ಮಾರಕಗಳು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದವು.

ಯಾವ ಪಟ್ಟಿಯಲ್ಲಿಯೂ ಸೇರದ ಕಟ್ಟಡಗಳ ಸ್ಥಿತಿ ಬೇರೆ. ಬೆಂಗಳೂರಿನ ಉತ್ತರಕ್ಕೆ ಹೆಣ್ಣೂರು ಬಾಗಲೂರು ರಸ್ತೆಯ ಬಳಿಯ ಕಣ್ಣೂರಿನಲ್ಲಿ, ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗಾಗಿ 1860ರ ದಶಕದಲ್ಲಿ ಕಟ್ಟಿದ ವೀಕ್ಷಣಾ ಗೋಪುರವೊಂದಿತ್ತು. ದೇಶದ ಭೂಪಟವನ್ನು ನಿಖರಗೊಳಿಸಿದ ಅಳತೆಗಳಲ್ಲಿ ಅದಕ್ಕೂ ಪಾಲಿತ್ತು. ಸಂರಕ್ಷಿತವೆಂದು ಘೋಷಣೆಯಾಗದಿದ್ದ ಆ ಗೋಪುರವು 2024ರಲ್ಲಿ ನೆಲಸಮವಾಯಿತು. ಸರ್ವೇಕ್ಷಣೆಯ ಗೋಪುರದ ಬೆಲೆ ಇರುವುದು ಅದು ನಿಂತ ಬಿಂದುವಿನಲ್ಲಿ. ಅದನ್ನು ಬೇರೆಡೆ ಮತ್ತೆ ಕಟ್ಟಿ ಸರಿದೂಗಿಸಲು ಬರುವುದಿಲ್ಲ.

ಕಲಬುರಗಿಯಿಂದ ಹುಮನಾಬಾದ್ ಮೂಲಕ ಬೀದರಿಗೆ ಸಾಗುವ ಹೆದ್ದಾರಿಯಲ್ಲಿ ಕಮಲಾಪುರವಿದೆ. ಕೆಂಪು ಬಾಳೆಗೆ ಹೆಸರಾದ ಈ ಊರು ಈಚೆಗೆ ತಾಲ್ಲೂಕು ಕೇಂದ್ರವೂ ಆಗಿದೆ. ಕಮಲಾಪುರಕ್ಕೆ ಸಮೀಪದ ಹೊಳಕುಂದಾ ಗ್ರಾಮದಲ್ಲಿ ಬಹಮನಿ ಕಾಲದ ಗೋರಿಗಳ ಒಂದು ಸಮೂಹವಿದೆ. ಫಿರೋಜನ ಗೋರಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣುವ ಚೌಕ, ಕಮಾನುಗೂಡು, ಗುಮ್ಮಟಗಳ ಲೆಕ್ಕವೇ ಅಲ್ಲಿ ಸಣ್ಣ ಪ್ರಮಾಣದಲ್ಲಿ ಕಾಣಸಿಗುತ್ತದೆ. ಹೊಸ ತಾಲ್ಲೂಕು ಕೇಂದ್ರವಾದ ಮೇಲೆ ಕಚೇರಿಗಳು, ಬಡಾವಣೆಗಳು, ರಸ್ತೆಯ ಅಗಲೀಕರಣ ಒಂದರ ಹಿಂದೆ ಒಂದು ಬರುವುದು ಸ್ವಾಭಾವಿಕ. ಈ ಭಾಗದಲ್ಲಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಪರಿವರ್ತಿಸಲು ಅಥವಾ ಕಟ್ಟಡ ಪರವಾನಗಿ ಪಡೆಯಲು ಬಯಸುವವರು, ಪಾಯ ತೋಡುವ ಮುನ್ನ ತಮ್ಮ ಸರ್ವೆ ನಂಬರಿನ ಸುತ್ತಮುತ್ತ ಸಂರಕ್ಷಿತ ಸ್ಮಾರಕವಿದೆಯೇ ಎಂಬುದನ್ನು ಗ್ರಾಮ ನಕಾಶೆಯೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ಅಗೆಯುವಾಗ ಹಳೆಯ ಗೋಡೆ, ಶಾಸನ, ನಾಣ್ಯ ಅಥವಾ ಕೆತ್ತಿದ ಕಲ್ಲು ಕಂಡುಬಂದಲ್ಲಿ ಕೆಲಸವನ್ನು ನಿಲ್ಲಿಸಿ ತಹಶೀಲ್ದಾರರ ಕಚೇರಿಗೆ ತಿಳಿಸಲು ಕೋರಲಾಗಿದೆ.